ಕಾಫಿ ತೋಟ ಕೇಳಿದರೆ ಟೀ ತೋಟ ಬರುವುದೇಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ, ಜೊತೆಗೆ ಎರಡು ರೂಮಿನ ಹೋಂಸ್ಟೇ. ಮನೆಯಲ್ಲೇ ಹುರಿದ ಕಾಫಿಪುಡಿಯನ್ನೂ ಮಾರುತ್ತೇವೆ. ಮೂವತ್ತು ಸೆಕೆಂಡಿನ ಜಾಹೀರಾತು ಮಾಡೋಣವೆಂದು, ಬರೆದು ಕೊಟ್ಟರೆ ವಿಡಿಯೋ ಮಾಡುವ ಎಐ ಟೂಲ್ ಒಂದಕ್ಕೆ ತಿಂಗಳ ಚಂದಾ ಕಟ್ಟಿದೆ. 'ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹೆಂಗಸರು ಹಣ್ಣು ಕೊಯ್ಯುತ್ತಿದ್ದಾರೆ' ಎಂದು ಬರೆದರೆ ಟೀ ತೋಟ ಬಂತು, ಹೆಂಗಸರ ಬೆನ್ನ ಮೇಲೆ ಬುಟ್ಟಿ ಬಂತು. ಬೋರ್ಡಿನ ಮೇಲೆ ನಮ್ಮ ಹೆಸರು ಕೇಳಿದರೆ ಕನ್ನಡದಂತೆ ಕಾಣುವ, ಆದರೆ ಓದಲಾಗದ ಗೀಟುಗಳು ಬಂದವು. ಒಂದು ಶಾಟಿನ ಹೆಂಗಸಿಗೆ ಮುಂದಿನ ಶಾಟಿನಲ್ಲಿ ಬೇರೆಯೇ ಮುಖ. ಬೇಲೂರು ದೇವಸ್ಥಾನಕ್ಕೆ ಬಣ್ಣಬಣ್ಣದ ದೊಡ್ಡ ಗೋಪುರ. ಚಂದಾಕ್ಕೆ ಸಿಕ್ಕ ತಿಂಗಳ ಕ್ರೆಡಿಟ್ (ಪ್ರತಿ ಕ್ಲಿಪ್ಪಿಗೂ ಕಳೆಯುವ ಅಂಕ) ಎರಡೇ ದಿನದಲ್ಲಿ ಖಾಲಿ. ನಾನು ಬರೆಯುವುದರಲ್ಲಿ ತಪ್ಪಿದೆಯೇ, ಇಲ್ಲ ಇದು ನಮಗೆ ಆಗದ ಕೆಲಸವೇ?

ಉತ್ತರ: ಆಗುವ ಕೆಲಸವೇ. ಆದರೆ ಮೂವತ್ತು ಸೆಕೆಂಡನ್ನೂ ಎಐ ಕೈಗೆ ಕೊಡಬೇಡಿ. ನೀವು ಮಾರುತ್ತಿರುವ ವಸ್ತುವನ್ನು, ಅಂದರೆ ರೂಮು, ತೋಟ, ಕಾಫಿಪುಡಿಯನ್ನು ಫೋನಿನಲ್ಲೇ ತೆಗೆಯಿರಿ. ಈಗ ತೆಗೆಯಲು ಸಾಧ್ಯವಿಲ್ಲದ್ದಕ್ಕೆ ಮಾತ್ರ ಎಐ ಹಿಡಿಯಿರಿ, ಅದನ್ನೂ ನಿಮ್ಮದೇ ಫೋಟೋ ಮೇಲೆ ಕಟ್ಟಿ.

ಮೊದಲು ಟೀ ತೋಟದ ವಿಚಾರ. ಈ ಟೂಲ್‌ಗಳು ಶುರು ಮಾಡುವುದು ಹಳೇ ಟಿವಿಯ ಚುಕ್ಕೆ ಮಳೆಯಂಥ ಗದ್ದಲದಿಂದ. ಹಂತಹಂತವಾಗಿ ಆ ಗದ್ದಲವನ್ನು ಕಳೆಯುತ್ತ, ನೀವು ಬರೆದ ಮಾತಿಗೆ ಹೆಚ್ಚು ಹೊಂದುವ ಚಿತ್ರದ ಕಡೆಗೆ ಸರಿಯುತ್ತವೆ. ಯಾವುದು ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವುದು ಕಲಿಕೆಯ ಹೊತ್ತಿಗೆ ಅವು ನೋಡಿದ ವಿಡಿಯೋ ಮತ್ತು ಚಿತ್ರಗಳು. ಭಾರತ, ಬೆಟ್ಟ, ತೋಟ, ಕೊಯ್ಯುವ ಹೆಂಗಸರು ಎಂಬ ನಾಲ್ಕು ಸುಳಿವು ಒಟ್ಟಿಗೆ ಸಿಕ್ಕರೆ ಮುನ್ನಾರ್, ಡಾರ್ಜಿಲಿಂಗ್, ಅಸ್ಸಾಮಿನ ಚಿತ್ರಗಳೇ ಮುಂದೆ ನಿಲ್ಲುತ್ತವೆ. 'ಕಾಫಿ' ಎಂಬ ಒಂದು ಪದ ಅಷ್ಟನ್ನೂ ಎಳೆದು ನಿಲ್ಲಿಸಲಾರದು. ಎಳೆದರೂ ಬ್ರೆಜಿಲ್‌ನಂತೆ ಬಿಸಿಲಿಗೆ ಬಿಚ್ಚಿದ, ಸಾಲುಸಾಲಾದ ತೋಟ ಬರಬಹುದು. ಊರಿನ ಹೆಸರನ್ನು ನೆಚ್ಚಬೇಡಿ. ಕಣ್ಣಿಗೆ ಕಾಣುವುದನ್ನು ಬರೆಯಿರಿ.

ನಮ್ಮ ತೋಟದಲ್ಲಿ ಕಾಣುವುದೇನು? ಆಳೆತ್ತರದ ಗಿಡ, ಎದುರುಬದುರು ಜೋಡಿಯಾಗಿ ಬಿಟ್ಟ, ಅಂಚು ಅಲೆಯಲೆಯಾದ, ಹೊಳೆಯುವ ಕಡುಹಸಿರು ಎಲೆ, ರೆಂಬೆಯ ಗೆಣ್ಣುಗೆಣ್ಣಿಗೂ ಅಂಟಿಕೊಂಡ ಗೊಂಚಲು, ಅದರಲ್ಲಿ ಕೆಂಪು ಹಣ್ಣಿನ ನಡುವೆ ಹಸಿರು ಕಾಯಿ, ಮೇಲೆ ಸಿಲ್ವರ್ ಓಕ್, ಹಾಲುವಾಣ, ಅತ್ತಿ ಮರಗಳ ನೆರಳು, ಮರದ ಬೊಡ್ಡೆಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನೆಲದ ಮೇಲೆ ತರಗೆಲೆ, ಅಲ್ಲಲ್ಲಿ ಬಿಸಿಲಿನ ಮಚ್ಚೆ. ಕೊಯ್ಯುವವರ ಸೊಂಟಕ್ಕೆ ಕಟ್ಟಿದ ಚೀಲ, ತಲೆಗೆ ಸುತ್ತಿದ ಬಟ್ಟೆ, ಸೀರೆಯ ಮೇಲೆ ತೋಳುದ್ದದ ಹಳೇ ಶರ್ಟು. ಟೀ ತೋಟಕ್ಕೂ ಕಾಫಿ ತೋಟಕ್ಕೂ ದೊಡ್ಡ ವ್ಯತ್ಯಾಸವೇ ಈ ದಟ್ಟ ನೆರಳು. ಮರ ಇರುವುದನ್ನು ಪ್ರಾಂಪ್ಟಿನ, ಅಂದರೆ ನೀವು ಟೂಲ್‌ಗೆ ಬರೆದು ಕೊಡುವ ಮಾತಿನ, ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಟೀ ಅರ್ಧಕ್ಕರ್ಧ ದೂರವಾಗುತ್ತದೆ.

ಇದನ್ನು ಶಾಟ್ ಆಗಿ ಬರೆದರೆ ಹೀಗೆ: 'ಎತ್ತರದ ಮರಗಳ ದಟ್ಟ ನೆರಳಿನ ಕೆಳಗೆ ಆಳೆತ್ತರದ ಕಾಫಿ ಗಿಡಗಳು. ಹತ್ತಿರದಿಂದ ತೆಗೆದ ಶಾಟ್: ದುಡಿದು ಗಟ್ಟಿಯಾದ ಮಧ್ಯವಯಸ್ಸಿನ ಹೆಂಗಸಿನ ಒಂದು ಕೈ, ರೆಂಬೆಗೆ ಅಂಟಿದ ಕೆಂಪು ಹಣ್ಣಿನ ಗೊಂಚಲನ್ನು ಹಿಡಿದಿದೆ. ಸಣ್ಣ ದ್ರಾಕ್ಷಿಯ ಗಾತ್ರದ ಹಣ್ಣು, ನಡುವೆ ಕೆಲವು ಹಸಿರು. ಜೋಡಿ ಎಲೆ, ಹೊಳೆಯುವ ಕಡುಹಸಿರು. ಹಿನ್ನೆಲೆಯಲ್ಲಿ ಮರದ ಬೊಡ್ಡೆಗೆ ಹಬ್ಬಿದ ಬಳ್ಳಿ, ಮಸುಕಾಗಿ. ಬೆಳಗಿನ ಎಂಟರ ಬಿಸಿಲು ಎಲೆಗಳ ನಡುವಿನಿಂದ ಇಳಿಯುತ್ತಿದೆ. ಕ್ಯಾಮೆರಾ ನಿಂತಲ್ಲೇ ನಿಂತಿದೆ.' ಒಂದು ಶಾಟಿಗೆ ಒಂದೇ ಕ್ರಿಯೆ ಸಾಕು. ಐದು ಸೆಕೆಂಡಿನಲ್ಲಿ ಕೊಯ್ದು, ಚೀಲಕ್ಕೆ ಹಾಕಿ, ತಿರುಗಿ ನಗಬೇಕೆಂದು ಬರೆದರೆ ಮೂರೂ ಕೆಡುತ್ತವೆ.

ಕನ್ನಡದಲ್ಲೇ ಬರೆದರೂ ಕೆಲವು ಟೂಲ್‌ಗಳಿಗೆ ಅರ್ಥವಾಗುತ್ತದೆ, ಆದರೆ ಇಂಗ್ಲಿಷ್ ಪ್ರಾಂಪ್ಟಿಗೆ ಫಲಿತಾಂಶ ಇನ್ನೂ ನಿಖರ. ಕನ್ನಡದಲ್ಲಿ ಬರೆದುಕೊಂಡು ಅನುವಾದಿಸಿ, ಅನುವಾದವನ್ನು ಓದಿನೋಡಿ. ನಮ್ಮ ಕಡೆಯ ಪದಗಳು ಎಡವುವುದು ಅಲ್ಲೇ. 'ತೋಟ' ಎಂಬುದು 'ಗಾರ್ಡನ್' ಆಗಿಬಿಟ್ಟರೆ, ಇಂಗ್ಲಿಷಿನಲ್ಲಿ ಆ ಪದ ಟೀ ಜೊತೆಗೇ ಓಡಾಡುವ ಪದ. ಅಲ್ಲಿಗೆ ಮತ್ತೆ ಟೀ ಬಂತು. ಅದರ ಬದಲು ಎಸ್ಟೇಟ್ ಅಥವಾ ಪ್ಲಾಂಟೇಶನ್ ಎಂದು ತಿದ್ದಿ. 'ಮೆಣಸಿನ ಬಳ್ಳಿ' ಮೆಣಸಿನಕಾಯಿ ಆಗಬಹುದು, 'ಕಣ' ಅಣುವಿನ ಕಣ ಆಗಬಹುದು, 'ಕೊಯ್ಯುವುದು' ಕತ್ತರಿಸುವುದಾಗಿ ಕೈಗೆ ಕುಡುಗೋಲು ಬರಬಹುದು. 'ಟೀ ಬೇಡ, ಬುಟ್ಟಿ ಬೇಡ' ಎಂದು ಪ್ರಾಂಪ್ಟಿನೊಳಗೆ ಬರೆಯಲೇಬೇಡಿ. ಯಂತ್ರದ ಕಣ್ಣು 'ಬೇಡ'ಕ್ಕಿಂತ 'ಟೀ'ಯನ್ನೇ ಹೆಚ್ಚು ಹಿಡಿಯುತ್ತದೆ. ನೆಗೆಟಿವ್ ಪ್ರಾಂಪ್ಟ್ ಎಂಬ ಬೇರೆ ಪೆಟ್ಟಿಗೆ ಇದ್ದರೆ ಅಲ್ಲಿ 'ಟೀ ಪೊದೆ, ಬೆನ್ನ ಬುಟ್ಟಿ, ಅಕ್ಷರಗಳು' ಎಂದು ವಸ್ತುಗಳ ಹೆಸರಷ್ಟೇ ಹಾಕಿ. ಅಲ್ಲಿಯೂ 'ಬೇಡ' ಸೇರಿಸಬೇಡಿ.

ಇಷ್ಟೆಲ್ಲ ಬರೆಯುವ ಶ್ರಮವನ್ನು ಮುಕ್ಕಾಲು ಪಾಲು ಉಳಿಸುವ ದಾರಿ ಫೋಟೋದಿಂದ ವಿಡಿಯೋ. ನಿಮ್ಮ ಪರಿಸ್ಥಿತಿಗೆ ಇದೇ ಸರಿಯಾದ ದಾರಿ ಎಂದು ಒತ್ತಿ ಹೇಳುತ್ತೇನೆ. ಬಹುಪಾಲು ಟೂಲ್‌ಗಳಲ್ಲಿ ಒಂದು ಚಿತ್ರವನ್ನು ಮೊದಲ ಫ್ರೇಮ್, ಅಂದರೆ ವಿಡಿಯೋ ಶುರುವಾಗುವ ಚಿತ್ರ, ಆಗಿ ಕೊಡಬಹುದು. ಕಳೆದ ಡಿಸೆಂಬರಿನಲ್ಲಿ ನೀವು ತೆಗೆದ ತೋಟದ ಫೋಟೋ ಕೊಟ್ಟರೆ ಗಿಡ, ಮರ, ನೆರಳು ಎಲ್ಲವೂ ನಿಮ್ಮದೇ. ಯಂತ್ರ ಊಹಿಸಬೇಕಾದದ್ದು ಚಲನೆ ಮಾತ್ರ. ಆಗ ಪ್ರಾಂಪ್ಟಿನಲ್ಲಿ ಫೋಟೋದಲ್ಲಿರುವುದನ್ನು ಮತ್ತೆ ವರ್ಣಿಸಬೇಡಿ. 'ಮಂಜು ಎಡದಿಂದ ಬಲಕ್ಕೆ ನಿಧಾನ ಸರಿಯುತ್ತದೆ, ಎಲೆಗಳು ಸಣ್ಣಗೆ ಅಲುಗುತ್ತವೆ, ಕ್ಯಾಮೆರಾ ತುಸು ಮುಂದಕ್ಕೆ' ಎಂಬಷ್ಟೇ ಸಾಕು. ಫೋಟೋವನ್ನು ಮೊದಲೇ ಬೇಕಾದ ಅಳತೆಗೆ ಕತ್ತರಿಸಿ: ರೀಲ್ಸ್‌ಗಾದರೆ ನಿಂತ 9:16, ಯೂಟ್ಯೂಬಿಗಾದರೆ ಮಲಗಿದ 16:9. ಹಾಗೇ ಕೊಟ್ಟರೆ ಟೂಲ್ ತಾನೇ ಅಂಚು ಕತ್ತರಿಸುತ್ತದೆ, ಇಲ್ಲವೇ ಅಂಚಿನಾಚೆ ಇಲ್ಲದ ತೋಟವನ್ನು ಹುಟ್ಟಿಸುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ ಕುಗ್ಗಿದ ಫೋಟೋ ಬೇಡ, ಫೋನಿನಲ್ಲಿರುವ ಮೂಲವನ್ನೇ ಕೊಡಿ. ಕ್ಯಾಮೆರಾ ಬಹಳ ತಿರುಗಬೇಕೆಂದು ಕೇಳಬೇಡಿ. ಫೋಟೋದಲ್ಲಿ ಕಾಣದ ಬದಿಗೆ ತಿರುಗಿದ ಕೂಡಲೇ ಅಲ್ಲಿ ಏನಿದೆಯೆಂದು ಅದು ಕಲ್ಪಿಸಿಕೊಳ್ಳಲೇಬೇಕು, ಮುಳ್ಳಯ್ಯನಗಿರಿ ಇರಬೇಕಾದ ಜಾಗದಲ್ಲಿ ಹಿಮದ ಬೆಟ್ಟ ಬಂದರೂ ಆಶ್ಚರ್ಯವಿಲ್ಲ.

ಅಕ್ಷರ, ಬೆರಳು, ದೂರದ ಮುಖ, ದೇವಸ್ಥಾನದ ಕೆತ್ತನೆ ಇವೆಲ್ಲ ಕೆಡುವುದಕ್ಕೆ ಕಾರಣ ಹೆಚ್ಚು ಕಡಿಮೆ ಒಂದೇ. ಯಂತ್ರ ಕೆಲಸ ಮಾಡುವುದು ಪೂರ್ತಿ ಚಿತ್ರದ ಮೇಲಲ್ಲ, ಅದನ್ನು ಕುಗ್ಗಿಸಿದ ರೂಪದ ಮೇಲೆ. ಅಲಿಬಾಬಾದ ವಾನ್ 2.1, ಟೆನ್ಸೆಂಟ್‌ನ ಹುನ್ಯುವಾನ್‌ನಂಥ ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲೂ ಓಡಿಸಬಹುದಾದ ತೆರೆದ ಎಐ ಮಾದರಿಗಳಲ್ಲಿ ಉದ್ದಗಲ ಎರಡೂ 8 ಪಟ್ಟು, ಕಾಲ (ಅಂದರೆ ಫ್ರೇಮುಗಳ ಸಂಖ್ಯೆ) 4 ಪಟ್ಟು ಕುಗ್ಗುತ್ತದೆ. 1280×720ರ ಚಿತ್ರ ಒಳಗೆ 160×90 ಮನೆಗಳ ಜಾಲರಿಯಾಗುತ್ತದೆ. ದೂರದಲ್ಲಿ ನಿಂತ ಹೆಂಗಸಿನ ಮುಖ 40 ಪಿಕ್ಸೆಲ್ ಅಗಲವಿದ್ದರೆ ಅದಕ್ಕೆ ಅಡ್ಡಕ್ಕೆ ಸಿಗುವುದು ಐದೇ ಮನೆ. 16 ಪಿಕ್ಸೆಲ್ ಎತ್ತರದ ಒಂದು ಒತ್ತಕ್ಷರಕ್ಕೆ ಮೇಲಿನಿಂದ ಕೆಳಗೆ ಎರಡೇ ಮನೆ. ಮನೆಯೊಂದೊಂದೂ ಸಾಕಷ್ಟು ವಿವರ ಹೊತ್ತಿರುತ್ತದೆ ನಿಜ, ಆದರೂ ಒತ್ತು, ದೀರ್ಘ, ಅರ್ಕಾವತ್ತು ಜಾಗಜಾಗದಲ್ಲಿ ಸರಿಯಾಗಿ ಕೂರುವಷ್ಟಲ್ಲ. ಅದಕ್ಕೇ ಯಾವುದು ಮುಖ್ಯವೋ ಅದನ್ನು ಹತ್ತಿರದಿಂದ, ದೊಡ್ಡದಾಗಿ ಕೇಳಿ. ದೂರದ ಗಿಡಗಳಲ್ಲಿ ಕೆಂಪು ಹಣ್ಣು ಕೇಳಿದರೆ ಅವು ಸೀರಿಯಲ್ ಲೈಟಿನಂತೆ ಮಿನುಗುತ್ತವೆ.

ಬೋರ್ಡಿಗೆ ಪರಿಹಾರ ಸುಲಭ. ಅಕ್ಷರವನ್ನು ಎಐಗೆ ಬಿಡಲೇಬೇಡಿ. 'ಏನೂ ಬರೆಯದ ಹಳೆಯ ಮರದ ಹಲಗೆ' ಎಂದು ಕೇಳಿ, ಹೆಸರನ್ನು ಎಡಿಟಿಂಗ್ ಆ್ಯಪಿನಲ್ಲಿ ಮೇಲೆ ಕೂರಿಸಿ. ಕ್ಯಾಮೆರಾ ಅಲುಗದ ಶಾಟ್ ಆದರೆ ಅಕ್ಷರ ಹಲಗೆಗೇ ಬರೆದಂತೆ ಕಾಣುತ್ತದೆ. ಪಠ್ಯ ಯೂನಿಕೋಡಿನಲ್ಲಿರಲಿ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಉಚಿತವಾಗಿ ಸಿಗುತ್ತದೆ. ಕೆಲವು ಎಡಿಟಿಂಗ್ ಆ್ಯಪ್‌ಗಳು ಒತ್ತಕ್ಷರವನ್ನು ಬಿಡಿಸಿ ಪಕ್ಕಕ್ಕೆ ಇಡುತ್ತವೆ. ಹಾಗಾದರೆ ಹೆಸರನ್ನು ಬೇರೆ ಆ್ಯಪಿನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನೇ ವಿಡಿಯೋ ಮೇಲೆ ಇಡಿ.

ಮುಖ ಬದಲಾಗುವುದಕ್ಕೆ ಕಾರಣ, ಪ್ರತಿ ಕ್ಲಿಪ್ಪೂ ಹೊಸ ಗದ್ದಲದಿಂದ ಹುಟ್ಟುವುದು. ಹಿಂದಿನ ಕ್ಲಿಪ್ಪಿನ ನೆನಪು ಅದಕ್ಕಿಲ್ಲ. ಮುಖ ಹೀಗೇ ಇರಲಿ ಎಂದು ತೋರಿಸುವ ರೆಫರೆನ್ಸ್ ಚಿತ್ರ ಕೊಡುವ ಸೌಲಭ್ಯವಿದ್ದರೆ ಬಳಸಿ, ಅಥವಾ ಮೊದಲ ಕ್ಲಿಪ್ಪಿನ ಕೊನೆಯ ಫ್ರೇಮನ್ನು ಉಳಿಸಿ ಮುಂದಿನದಕ್ಕೆ ಮೊದಲ ಫ್ರೇಮ್ ಮಾಡಿ. ಹೀಗೆ ಎರಡು ಮೂರು ಸಲ ಎಳೆಯಬಹುದು, ಆಮೇಲೆ ಬಣ್ಣ ಗಾಢವಾಗುತ್ತ, ಮುಖ ಮೇಣದಂತಾಗುತ್ತ ಹೋಗುತ್ತದೆ. ನಿಮ್ಮ ಜಾಹೀರಾತಿಗೆ ಮುಖವೇ ಬೇಡ ಎಂಬುದು ನನ್ನ ಅಭಿಪ್ರಾಯ. ಕೈ, ಚೀಲ, ಬೆನ್ನು ಸಾಕು. ಮುಖ ಬೇಕೇ ಬೇಕೆಂದರೆ ನಿಮ್ಮ ತೋಟಕ್ಕೆ ಬರುವವರನ್ನೇ, ಯಾವುದಕ್ಕೆಂದು ತಿಳಿಸಿ ಒಪ್ಪಿಗೆ ಪಡೆದು, ಫೋನಿನಲ್ಲಿ ತೆಗೆಯಿರಿ. ಅವರ ಫೋಟೋವನ್ನು ಎಐಗೆ ಕೊಟ್ಟು ಅವರು ಮಾಡದ್ದನ್ನು ಮಾಡಿಸಬೇಡಿ.

ಎಐ ಕೈಲಿ ಮಾಡಿಸಲೇಬಾರದ ಇನ್ನೆರಡಿವೆ. ಒಂದು ಕಾಫಿ ಸುರಿಯುವುದು. ಧಾರೆ ಗಾಳಿಯ ನಡುವಿನಿಂದ ಶುರುವಾಗುತ್ತದೆ, ಲೋಟ ತುಂಬುವುದೇ ಇಲ್ಲ, ಸ್ಟೀಲ್ ಲೋಟ ಕೇಳಿದರೆ ಮೇಲೆ ಹಾಲಿನ ಹೂವಿನ ಚಿತ್ತಾರವಿರುವ ಪಿಂಗಾಣಿ ಕಪ್ಪು ಬರುತ್ತದೆ. ಇನ್ನೊಂದು ಹಣ್ಣು ಬಿಡಿಸುವ ಕ್ಷಣ: ಬೆರಳು ಎಳೆದರೂ ಹಣ್ಣು ರೆಂಬೆಯಲ್ಲೇ ಇರುತ್ತದೆ, ಅಥವಾ ಒಂದು ಕಿತ್ತರೆ ಮೂರು ಬೀಳುತ್ತವೆ. ಅದಕ್ಕೆ ಗೊತ್ತಿರುವುದು ನೋಟ ಹೇಗಿರುತ್ತದೆಂದು. ಎಣಿಕೆ ಗೊತ್ತಿಲ್ಲ, ಭಾರ ಗೊತ್ತಿಲ್ಲ. ಆದ್ದರಿಂದಲೇ ಮೇಲಿನ ಪ್ರಾಂಪ್ಟಿನಲ್ಲಿ ಕೈ ಗೊಂಚಲನ್ನು 'ಹಿಡಿದಿದೆ' ಎಂದಷ್ಟೇ ಬರೆದದ್ದು. ಈ ಎರಡನ್ನೂ ಫೋನಿನಲ್ಲಿ ತೆಗೆಯಲು ಹತ್ತು ನಿಮಿಷ ಸಾಕು.

ಬೇಲೂರಿನ ವಿಷಯಕ್ಕೆ ಬಂದರೆ, ದಕ್ಷಿಣ ಭಾರತದ ದೇವಸ್ಥಾನ ಎಂದ ಕೂಡಲೇ ಯಂತ್ರದ ಕಣ್ಣಿಗೆ ಬರುವುದು ಬಣ್ಣದ ಎತ್ತರದ ಗೋಪುರ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇಗುಲದ ಗರ್ಭಗುಡಿಯ ಮೇಲೆ ಈಗ ಶಿಖರವಿಲ್ಲ. ನಕ್ಷತ್ರಾಕಾರದ ಜಗತಿಯ (ಎತ್ತರದ ಕಲ್ಲುಕಟ್ಟೆಯ) ಮೇಲೆ ತಗ್ಗಾಗಿ, ಅಗಲವಾಗಿ ಕೂತಿದೆ. 'ಚಪ್ಪಟೆ ಮೇಲ್ಛಾವಣಿ, ನಕ್ಷತ್ರಾಕಾರದ ಕಲ್ಲಿನ ಜಗತಿ, ಬೂದುಹಸಿರು ಬಳಪದ ಕಲ್ಲು' ಎಂದು ಬರೆದರೆ ಆಕಾರ ಹತ್ತಿರ ಬಂದೀತು. ಆದರೆ ಗೋಡೆಯ ಆನೆಸಾಲು ಫ್ರೇಮಿನಿಂದ ಫ್ರೇಮಿಗೆ ಕರಗಿ ಬೇರೆಯಾಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಆ ಕೆತ್ತನೆಯ ಒಂದೊಂದು ಗೆರೆಗಾಗಿ. ಅದನ್ನು ಕರಗಿಸಿ ತೋರಿಸುವುದು ಆ ಶಿಲ್ಪಿಗಳಿಗೆ ಅನ್ಯಾಯ. ವಾಣಿಜ್ಯ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಷ್ಟು ಓಡಾಟ ಬೇಡವೆಂದರೆ 'ಬೇಲೂರು ಹತ್ತಿರದಲ್ಲೇ' ಎಂಬ ಅಕ್ಷರ ಸಾಲು ಸಾಕು.

ಹಾಗಾದರೆ ಎಐಗೆ ಉಳಿದದ್ದೇನು? ಮೂವತ್ತು ಸೆಕೆಂಡನ್ನು ಐದೈದು ಸೆಕೆಂಡಿನ ಆರು ಶಾಟುಗಳಾಗಿ ಒಡೆದರೆ ಅದರಲ್ಲಿ ಎರಡು. ಮೊದಲನೆಯದು ಬೆಳಗಿನ ಮಂಜು, ನಿಮ್ಮ ಜಗಲಿಯಿಂದ ತೆಗೆದ ಫೋಟೋ ಆಧರಿಸಿ. ಮಂಜು, ಮೋಡ, ಹೊಗೆ, ಸಣ್ಣ ಮಳೆ ಇವು ಈ ಯಂತ್ರಗಳಿಗೆ ಬಹಳ ಚೆನ್ನಾಗಿ ಒಲಿಯುತ್ತವೆ, ಏಕೆಂದರೆ ಅವಕ್ಕೆ ಗಟ್ಟಿ ಆಕಾರವಿಲ್ಲ, ತಪ್ಪಿದರೂ ತಪ್ಪೆಂದು ಕಾಣುವುದಿಲ್ಲ. ಎರಡನೆಯದು ಕಾಫಿ ಹೂ. ಹೂಮಳೆ, ಅಂದರೆ ಮೊಗ್ಗನ್ನು ಅರಳಿಸುವ ಬೇಸಿಗೆಯ ಮೊದಲ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ, ಮೂರು ನಾಲ್ಕು ದಿನಕ್ಕೆ ಬಾಡುವುದರಿಂದ ಬೇಕೆಂದಾಗ ಅದು ಸಿಗದು. ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಎರಡನ್ನೂ ಕೊಡಬಹುದಾದ ಟೂಲ್ ಇದ್ದರೆ ಮೊಗ್ಗಿನ ಫೋಟೋ ಮೊದಲಿಗೆ, ಅರಳಿದ್ದು ಕೊನೆಗೆ. ಎರಡೂ ಒಂದೇ ರೆಂಬೆ, ಒಂದೇ ಕೋನದಲ್ಲಿರಬೇಕು. ಇಲ್ಲದಿದ್ದರೆ ನಡುವೆ ರೆಂಬೆ ಹಾವಿನಂತೆ ಹೊರಳುತ್ತದೆ. ಉಳಿದ ನಾಲ್ಕು, ಅಂದರೆ ಕೊಯ್ಲಿನ ಕೈ, ಕಣದಲ್ಲಿ ಕಾಫಿ ಹರವುವುದು, ರೂಮು, ಲೋಟದ ಕಾಫಿ, ಫೋನಿನವು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಬೆನ್ನಿಗೇ ಬರುತ್ತದೆ. ಅಷ್ಟರಲ್ಲಿ ಬೇಕೆಂದರೆ ಹಳೇ ಫೋಟೋಗೆ ಎಲೆ ಅಲುಗುವಷ್ಟು ಮಾತ್ರ ಜೀವ ಕೊಡಿ.

ಕ್ರೆಡಿಟ್ ಖಾಲಿಯಾದದ್ದು ನೇರವಾಗಿ ವಿಡಿಯೋಗೆ ಕೈ ಹಾಕಿದ್ದರಿಂದ. ಒಂದು ಸ್ಥಿರ ಚಿತ್ರಕ್ಕೆ ತಗಲುವ ಖರ್ಚು ವಿಡಿಯೋದ ಸಣ್ಣ ಪಾಲು. ಸ್ಥಿರ ಚಿತ್ರದಲ್ಲೇ ಎಲೆ, ನೆರಳು, ಬಟ್ಟೆ ಎಲ್ಲ ಸರಿಪಡಿಸಿಕೊಂಡು, ಒಪ್ಪಿಗೆಯಾದ ಮೇಲೆ ಅದಕ್ಕೆ ಚಲನೆ ಕೊಡಿ. ವಿಡಿಯೋವನ್ನೂ ಮೊದಲು ವೇಗದ, ಅಗ್ಗದ ಮಾದರಿಯಲ್ಲಿ, ಕಡಿಮೆ ರೆಸಲ್ಯೂಶನ್ನಿನಲ್ಲಿ ನೋಡಿ. ಆರಂಭದ ಗದ್ದಲ ಯಾವುದೆಂದು ಗೊತ್ತುಮಾಡುವ ಸೀಡ್ ಸಂಖ್ಯೆ ಇಡುವ ಅವಕಾಶವಿದ್ದರೆ ಅದನ್ನು ಬದಲಿಸದೆ, ಪ್ರಾಂಪ್ಟಿನಲ್ಲಿ ಒಂದು ಸಲಕ್ಕೆ ಒಂದೇ ಪದ ಬದಲಿಸಿ. ಆಗ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ. ಶಾಟಿಗೆ ನಾಲ್ಕು ಪ್ರಯತ್ನವೆಂದು ಲೆಕ್ಕ ಇಟ್ಟುಕೊಳ್ಳಿ: ಕ್ಲಿಪ್ಪಿಗೆ 50 ಕ್ರೆಡಿಟ್ ಹಿಡಿಯುವ ಟೂಲಾದರೆ ಎರಡು ಶಾಟಿಗೆ 400. ಉಚಿತ ಖಾತೆಗಳಲ್ಲಿ ಸಾಮಾನ್ಯವಾಗಿ ಮೂಲೆಯಲ್ಲಿ ಕಂಪನಿಯ ಮುದ್ರೆ ಬೀಳುತ್ತದೆ, ಕೆಲವದರಲ್ಲಿ ವ್ಯಾಪಾರಕ್ಕೆ ಬಳಸಲು ಅನುಮತಿಯೂ ಇರುವುದಿಲ್ಲ. ಷರತ್ತು ಓದಿ.

ಮನೆಯ ಕಂಪ್ಯೂಟರಿನಲ್ಲೇ ಮಾಡಬಹುದೇ ಎಂದರೆ, ಮಾಡಬಹುದು. ವಾನ್ 2.1ರ ಸಣ್ಣ ಮಾದರಿಗೆ ಸುಮಾರು 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಬೇಕು. 480ಪಿ ಅಳತೆಯ ಐದು ಸೆಕೆಂಡಿನ ಕ್ಲಿಪ್ಪಿಗೆ ಆರ್‌ಟಿಎಕ್ಸ್ 4090ರಂಥ ದುಬಾರಿ ಕಾರ್ಡಿನಲ್ಲಿಯೇ ಸುಮಾರು ನಾಲ್ಕು ನಿಮಿಷ ಹಿಡಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರಿನಲ್ಲಿ ಎರಡು ಶಾಟಿಗಾಗಿ ಇದು ತಕ್ಕ ದಾರಿ ಎನಿಸುವುದಿಲ್ಲ.

ದನಿ ನಿಮ್ಮದೇ ಇರಲಿ. 2025ರ ಮೇ ತಿಂಗಳಲ್ಲಿ ಗೂಗಲ್ ತಂದ ವಿಯೋ 3 ಎಂಟು ಸೆಕೆಂಡಿನ ಕ್ಲಿಪ್ಪಿನ ಜೊತೆಗೇ ಶಬ್ದವನ್ನೂ ಹುಟ್ಟಿಸುತ್ತದೆ, ಆದರೆ ಮೂಡಿಗೆರೆಯ ಮಾತಿನ ಏರಿಳಿತ ಅದರಿಂದ ಬರದು. ಬಟ್ಟೆ, ಹಾಸಿಗೆ ಇರುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿದು ಮಾತಾಡಿ. ಮೂವತ್ತು ಸೆಕೆಂಡಿಗೆ 45ರಿಂದ 50 ಪದ ಸಾಕು. ತೋಟದ ಹಕ್ಕಿ, ಜೀರುಂಡೆಯ ಸದ್ದನ್ನು ಬೆಳಿಗ್ಗೆ ಎರಡು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ ಎಲ್ಲ ಶಾಟುಗಳ ಕೆಳಗೂ ಸಣ್ಣಗೆ ಹರಿಯಬಿಡಿ. ಎಐ ಶಾಟೂ ಫೋನಿನ ಶಾಟೂ ಒಂದೇ ಊರಿನವು ಅನ್ನಿಸುವುದು ಈ ಸದ್ದಿನಿಂದ.

ನೋಟ ಹೊಂದಿಸಲು ಎಐ ಕ್ಲಿಪ್ಪಿನ ಬಣ್ಣದ ಗಾಢತೆಯನ್ನು ತುಸು ಇಳಿಸಿ. ಅದರ ಹಸಿರು ಸಾಮಾನ್ಯವಾಗಿ ಅತಿಯಾಗಿರುತ್ತದೆ. ವಿಯೋದಂಥವು ಸೆಕೆಂಡಿಗೆ 24 ಫ್ರೇಮ್ ಕೊಡುತ್ತವೆ, ಫೋನು ಸಾಮಾನ್ಯವಾಗಿ 30. ಫೋನಿನ ಪ್ರೊ ಮೋಡಿನಲ್ಲಿ 24 ಇದ್ದರೆ ಅದರಲ್ಲೇ ತೆಗೆಯಿರಿ. ಇಲ್ಲದಿದ್ದರೆ ಎಡಿಟಿಂಗ್ ಆ್ಯಪಿನ ಪ್ರಾಜೆಕ್ಟನ್ನು 30ಕ್ಕೆ ಇಡಿ. ನಿಧಾನ ಸರಿಯುವ ಮಂಜಿನಲ್ಲಿ ವ್ಯತ್ಯಾಸ ಕಾಣದು. ರೂಮಿನೊಳಗೆ ಎಲ್‌ಇಡಿ ಬಲ್ಬಿನ ಪಟ್ಟೆ ಓಡಿದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಕಟ್ಟಿ.

ರೂಮನ್ನಾಗಲಿ, ರೂಮಿನ ಕಿಟಕಿಯಿಂದ ಕಾಣುವ ನೋಟವನ್ನಾಗಲಿ ಎಐಯಿಂದ ಮಾಡಿಸಬೇಡಿ. ಅದನ್ನು ನಂಬಿ ದುಡ್ಡು ಕೊಟ್ಟು ಬಂದವರಿಗೆ ಅದು ಮೋಸ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ನೈಜವಾಗಿ ಕಾಣುವ ಎಐ ದೃಶ್ಯವಿದ್ದರೆ ಯೂಟ್ಯೂಬಿಗೆ ಏರಿಸುವಾಗ ಅದನ್ನು ತಿಳಿಸಬೇಕೆಂಬ ನಿಯಮ 2024ರಿಂದ ಇದೆ. ಹೂವಿನ ಶಾಟಿನ ಕೆಳಗೆ 'ಎಐ ದೃಶ್ಯ, ಹೂ ಕಾಲ ಮಾರ್ಚ್–ಏಪ್ರಿಲ್' ಎಂದು ಓದುವಷ್ಟು ದೊಡ್ಡದಾಗಿ ಹಾಕಿ. ಡಿಸೆಂಬರಿನಲ್ಲಿ ಬಂದವರು ಹೂ ಎಲ್ಲಿ ಎಂದು ಕೇಳುವಂತಾಗಬಾರದು.

ಮುಂದಿನ ಹೂಮಳೆಯಾದ ಮೇಲೆ ಆ ಶಾಟನ್ನೂ ನಿಜದ್ದಾಗಿಸಿಕೊಳ್ಳಿ. ಮೊಗ್ಗು ಬೆಳ್ಳಗೆ ಉದ್ದವಾದ ಸಂಜೆ ಟ್ರೈಪಾಡ್ ನಿಲ್ಲಿಸಿ, ರೆಂಬೆ ಗಾಳಿಗೆ ಅಲುಗದಂತೆ ಗೂಟಕ್ಕೆ ಕಟ್ಟಿ, ಒಂದು ಸಣ್ಣ ಎಲ್‌ಇಡಿ ದೀಪವನ್ನು ಓರೆಯಾಗಿ ಇಡಿ. ಅರಳುವುದು ಬೆಳಗಿನ ಜಾವ. ನಾಲ್ಕು ಗಂಟೆಯಿಂದ ಏಳರವರೆಗೆ 30 ಸೆಕೆಂಡಿಗೊಂದು ಫೋಟೋ ತೆಗೆದರೆ 360 ಫೋಟೋ, 24ರ ಲೆಕ್ಕದಲ್ಲಿ 15 ಸೆಕೆಂಡಿನ ವಿಡಿಯೋ. ಫೋಕಸ್ ಲಾಕ್ ಮಾಡಿ, ಪವರ್‌ಬ್ಯಾಂಕ್ ಜೋಡಿಸಿ, ಇಬ್ಬನಿ ಬೀಳದಂತೆ ಫೋನಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ.